ಏನೂ ಮಾಡದೆ ಕೂಡ್ರಲು ಒಂಬತ್ತು ಪೆಟ್ಟಿಗೆ

ಏನೂ ಮಾಡದೆ ಸುಮ್ಮನೆ ಕೂಡ್ರುವುದಕ್ಕಾಗಿ ನನ್ನ ಮೈದುನ ಪಟ್ಟಷ್ಟು ಕಷ್ಟವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇನ್ನೊಬ್ಬ ಪಟ್ಟಿರಲಿಕ್ಕಿಲ್ಲ. ಸೋಮಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನ್ನ ತವರಿನಲ್ಲೇ ಇಬ್ಬರಿದ್ದರು. ಅವರು ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ಅಷ್ಟೇ. ಇವನ ಸೋಮಾರಿತನಕ್ಕೆ ಒಂಬತ್ತು ಕಂಪ್ಯೂಟರು, ಆರು ಲಾರಿ ಬ್ಯಾಟರಿ, ಒಂದು ಎತ್ತಿನ ಗಾಡಿ ತುಂಬುವಷ್ಟು ವಯರು ಮತ್ತು ನಾಲ್ಕು ವರ್ಷ ಬೇಕಾಯಿತು.

"ಒಮ್ಮೆ ಇದು ತನ್ನಷ್ಟಕ್ಕ ತಾನು ನಡಿಯೂಹಂಗ ಆತಂದ್ರ, ನಾ ಕೈ ಕಟ್ಕೊಂಡು ಕೂಡ್ರಾಂವ ಅತ್ತಿಗಿ," ಎನ್ನುತ್ತಿದ್ದ.

"ನಿಮ್ಮ ಮನಿತನದಾಗ ಕೈ ಕಟ್ಕೊಂಡು ಕೂಡ್ರಾಕ ಯಾರಿಗೂ ಕಂಪ್ಯೂಟರ್ ಬೇಕಾಗಿದ್ದಿಲ್ಲ. ನಿನಗೊಬ್ಬಗ ಬೇಕಾತು," ಎಂದೆ.

ಸಂಬಂಧ ಹೇಳಿಬಿಡುತ್ತೇನೆ. ಇಲ್ಲದಿದ್ದರೆ, ಅರವತ್ತು ದಾಟಿದವನನ್ನು ಏಕವಚನದಲ್ಲಿ ಕರೆಯುತ್ತಾಳೆ ಈ ಮುದುಕಿ ಎಂದು ಮುಖ ಗಂಟು ಹಾಕುತ್ತೀರಿ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಇವನಿಗೆ ಎಂಟು ವರ್ಷ. ಅತ್ತೆ ಆಗಲೇ ತೀರಿಕೊಂಡಿದ್ದರು. ಮೂಗು ಒರೆಸಿದವಳು, ಹೇನು ತೆಗೆದವಳು, ಮೂರನೇ ಇಯತ್ತೆಯಲ್ಲಿ ಪಾಸಾಗದೆ ಬಂದಾಗ ಬೆನ್ನಿಗೆ ಎರಡು ಕೊಟ್ಟವಳು ನಾನೇ. ಇಂಥವನಿಗೆ ಬಹುವಚನ ಎಲ್ಲಿಂದ ತರಲಿ? ನನ್ನ ಗಂಡ ಹೋಗಿ ಆರು ವರ್ಷವಾಯಿತು. ಮಕ್ಕಳು ಅವರವರ ಮನೆಯಲ್ಲಿ ಚೆನ್ನಾಗಿದ್ದಾರೆ, ಅವರ ಸುದ್ದಿ ಇಲ್ಲಿ ಬೇಡ. ಮುಂದಿನ ಮನೆಯಲ್ಲಿ ನಾನು. ಹಿಂದೆ, ನಮ್ಮ ಮಾವ ಬೆಲ್ಲದ ವ್ಯಾಪಾರ ಮಾಡುತ್ತಿದ್ದಾಗ ಕಟ್ಟಿಸಿದ ಕೋಣೆಯಲ್ಲಿ, ಇವನು ಮತ್ತು ಇವನ ಒಂಬತ್ತು ಪೆಟ್ಟಿಗೆ.

ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತೀರಿ. ಇವನದು ಕರೆಂಟಿನ ಕಂಬ ಹತ್ತುವ ನೌಕರಿ. ನಾವು ಹೆಣ್ಣು ನೋಡಲು ಹೊರಟ ದಿನವೇ ಎಲ್ಲಾದರೂ ತಂತಿ ಹರಿಯುತ್ತಿತ್ತು. ಬನವಾಸಿ ಕಡೆ ಮೂರನೆಯ ಹೆಣ್ಣಿನ ಮನೆಯಲ್ಲಿ ಹುಡುಗಿ ಉಪ್ಪಿಟ್ಟು ತಂದಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಇವನು ತಟ್ಟೆ ಕೆಳಗಿಟ್ಟು ಹೊರಗೆ ಹೋದ. ನಾವು ಒಳಗೆ ಹುಡುಗಿಯನ್ನು ನೋಡುತ್ತ ಕೂತೆವು. ಹುಡುಗಿಯ ಮನೆಯವರು ಹೊರಗೆ ಕಂಬದ ಮೇಲಿದ್ದ ಹುಡುಗನನ್ನು ನೋಡುತ್ತ ನಿಂತರು. ಕರೆಂಟೇನೋ ಬಂತು. ಹುಡುಗಿಯ ಅಪ್ಪ ಕೈ ಮುಗಿದು, "ಮನಿಷ್ಯಾ ಉಪಯೋಗದಾಂವ ಅದಾನ್ರಿ. ಆದ್ರ ಮನ್ಯಾಗ ಸಿಗಾಂವಲ್ಲ," ಎಂದರು. ನ್ಯಾಯವಾದ ಮಾತು. ನಾವು ಉಪ್ಪಿಟ್ಟು ತಿಂದು ಎದ್ದು ಬಂದೆವು.

ನೌಕರಿ ಮುಗಿಯಿತು. ಶಾಲು ಹೊದೆಸಿ ಹಾರ ಹಾಕಿ ಕಳಿಸಿದರು. ಆದರೆ ಮೂರು ತಾಲೂಕಿನ ಜನಕ್ಕೆ ಅದನ್ನು ಯಾರು ಹೇಳಬೇಕು? ಫೋನು ನಿಲ್ಲಲೇ ಇಲ್ಲ. ಮಂಗ ತಂತಿಯ ಮೇಲೆ ಹಾರಿದರೆ ಇವನಿಗೆ ಫೋನು. ಗಾಳಿಗೆ ಮರ ಬಿದ್ದರೆ ಇವನಿಗೆ ಫೋನು. ಬಿಳಗಿಯ ಒಬ್ಬ ಗಿರಣಿಯವನು ಕರೆಂಟು ಬಂದ ಮೇಲೂ ಫೋನು ಮಾಡಿ, "ಬಂತ್ರಿ, ನಿಮಗ ಗೊತ್ತಿರ್ಲಿ ಅಂತ ಹೇಳಿದೆ," ಎನ್ನುತ್ತಿದ್ದ. ದೊಡ್ಮನೆಯ ಒಬ್ಬರು ಭಟ್ಟರಂತೂ ಮೊದಲು ಬೈದು ಆಮೇಲೆ ಹೆಸರು ಹೇಳುವವರು. "ಎಂತದಾ, ಕರೆಂಟು ಇಲ್ಲೆ. ಆನು ಎಷ್ಟ್ ಹೊತ್ತು ಕಾಯವು? ಮಿಕ್ಸಿಯಲ್ಲಿ ಅರ್ಧ ಅರದ ಚಟ್ನಿ ಇದ್ದು."

ಊಟದ ನಡುವೆ ಎಡಗೈಯಲ್ಲಿ ಫೋನು ಹಿಡಿದು ಇವನು ಎಲ್ಲರಿಗೂ ಉತ್ತರ ಹೇಳುತ್ತಿದ್ದ. ಆಮೇಲೆ ನನ್ನ ಮುಂದೆ ಗೊಣಗುತ್ತಿದ್ದ: "ನಿವೃತ್ತಿ ಅಂದ್ರ ಇದನು ಅತ್ತಿಗಿ?" ಹೀಗೆ ಗೊಣಗಿ ಗೊಣಗಿ ಒಂದು ದಿನ, ತನ್ನ ಬದಲಿಗೆ ಉತ್ತರ ಹೇಳುವ ಯಂತ್ರ ಮಾಡುತ್ತೇನೆಂದು ಹೊರಟ.

ಬಾಗಿಲು ಮುಚ್ಚಿದ ಒಂದು ಕಂಪ್ಯೂಟರ್ ಕಲಿಸುವ ಅಂಗಡಿಯವರು ಒಂಬತ್ತು ಹಳೆಯ ಪೆಟ್ಟಿಗೆಗಳನ್ನು ಕೊಟ್ಟರು. ಓಣಿಯ ತುದಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಸಾಹೇಬರು, ಹಿಂದೆ ಯಲ್ಲಾಪುರದ ಘಟ್ಟದಲ್ಲಿ ಲಾರಿ ಓಡಿಸಿದವರು, ಬ್ಯಾಟರಿ ಕೊಟ್ಟರು. ಕರೆಂಟು ಯಾವಾಗ ಬರುತ್ತದೆಂದು ಹೇಳುವ ಯಂತ್ರ ಕರೆಂಟು ಹೋದಾಗ ತಾನೇ ಆರಿಹೋದರೆ ಹೇಗೆ? ಸೋಂದಾದಲ್ಲೊಂದು ಮನೆ, ಬಿಳಗಿಯಲ್ಲೊಂದು ಗಿರಣಿ, ಹೀಗೆ ಊರೂರಲ್ಲಿ ಗುರುತಿನವರ ಮನೆಯಲ್ಲಿ ಒಂದೊಂದು ಹಳೆಯ ಮೊಬೈಲನ್ನು ಚಾರ್ಜಿಗೆ ಹಾಕಿಟ್ಟು ಬಂದ. ಅಲ್ಲಿ ಚಾರ್ಜು ನಿಂತಿತೆಂದರೆ ಇಲ್ಲಿ ಪೆಟ್ಟಿಗೆಗಳಿಗೆ ಗೊತ್ತಾಗುತ್ತದೆ. ಯಾವ ಕಂಬ, ಯಾವ ಮರ, ರಿಪೇರಿಗೆ ಎಷ್ಟು ಹೊತ್ತು ಎಂದು ಇವನ ಮೂವತ್ತು ವರ್ಷದ ಅನುಭವವನ್ನೆಲ್ಲ ಅವುಗಳಿಗೆ ಕಲಿಸಿದ್ದಾನೆ. ಯಾರಾದರೂ ಫೋನು ಮಾಡಿದರೆ ಪೆಟ್ಟಿಗೆ ಇವನದೇ ದನಿಯಲ್ಲಿ, "ಮರ ಬಿದ್ದೈತ್ರಿ, ಎರಡು ತಾಸು ಹಿಡೀತೈತಿ," ಎನ್ನುತ್ತದೆ. ದೊಡ್ಮನೆಯ ಭಟ್ಟರು ಪೆಟ್ಟಿಗೆಯನ್ನೂ ಬೈದು, ಕೊನೆಗೆ, "ಆತು, ಬಿದ್ದ ಮರಕ್ಕೆ ನೀ ಎಂತ ಮಾಡ್ತೆ," ಎಂದು ಸಮಾಧಾನ ಹೇಳಿ ಇಟ್ಟರಂತೆ.

ಇಷ್ಟಕ್ಕೇ ಬಿಟ್ಟಿದ್ದರೆ ಅವನು ನನ್ನ ಮೈದುನನೇ ಅಲ್ಲ. ಒಂಬತ್ತರಲ್ಲಿ ಒಂದು ಕೆಟ್ಟರೆ? ಇವನು ಎದ್ದು ಹೋಗಿ ಸರಿಮಾಡಬೇಕಲ್ಲ? ಹಾಗಾಗಬಾರದು, ಉಳಿದವು ಅದರ ಕೆಲಸವನ್ನು ತಾವೇ ಹಂಚಿಕೊಳ್ಳಬೇಕು, ಯಾರೂ ಹೇಳಬಾರದು, ಯಾರೂ ನೋಡಬಾರದು. ಅದಕ್ಕೆ ಉಪಾಯ ಏನೆಂದು ನನಗೆ ಪಾಠ ಮಾಡಿದ.

"ನಾ ಅವಕ್ಕ ಹುಕುಂ ಕೊಡೂದಿಲ್ಲ ಅತ್ತಿಗಿ. ನೀ ಇದ ಮಾಡು, ನೀ ಅದ ಮಾಡು ಅನ್ನೂದಿಲ್ಲ. ಫೋನ್ ಎತ್ತಾವು ಯಾವಾಗ್ಲೂ ನಾಲ್ಕು ಇರ್ಬೇಕು ಅಂತ ಬರ್ದಿಟ್ಟೀನಿ, ಅಷ್ಟ. ಹೆಂಗ ಇರ್ಬೇಕು, ಯಾರು ಇರ್ಬೇಕು, ಅದು ಅವುಗಳ ಪಾಡು. ಒಂದು ಸತ್ರ ಇನ್ನೊಂದು ಎದ್ದು ನಿಂದರ್ತೈತಿ."

ಮರುದಿನ ಅಡಿಗೆಮನೆಯ ಗೋಡೆಗೆ ಒಂದು ಪಾಟಿ ತೂಗುಹಾಕಿದ್ದ. "ಮಜ್ಜಿಗೆ: ಒಂದು ಗಡಿಗೆ. ಯಾವಾಗಲೂ," ಎಂದು ಬರೆದಿತ್ತು.

"ಏನಿದು?"

"ಮಜ್ಜಿಗಿ ಮಾಡು ಅಂತ ನಾ ಹೇಳೂದಿಲ್ಲ. ಇರ್ಬೇಕು ಅಂತ ಬರ್ದೀನಿ. ಹೆಂಗ ಇರ್ತೈತಿ ಅನ್ನೂದು ನಿನ್ನ ಸ್ವಾತಂತ್ರ್ಯ."

"ನಿಮ್ಮಣ್ಣ ಐವತ್ತು ವರ್ಷ ಇದನ್ನ ಮಾಡಿದ," ಎಂದೆ. "ಪಾಟಿ ಸುದ್ದಾ ಇದ್ದಿಲ್ಲ."

ಪಾಟಿಯನ್ನು ಒರೆಸಿ, "ಮಜ್ಜಿಗೆ ಬೇಕಾದವರು ಕಡೆಯಬೇಕು" ಎಂದು ನಾನೇ ಬರೆದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದ್ದರೂ ಅರ್ಥವಾಯಿತು ಅವನಿಗೆ.

ಆ ಪೆಟ್ಟಿಗೆಗಳಿಗೆ ದೊಡ್ಡ ಶತ್ರು ಇರುವೆ. ಕೋಣೆಯಿಂದ ಬೆಲ್ಲ ಹೋಗಿ ಇಪ್ಪತ್ತು ವರ್ಷವಾದರೂ ಇರುವೆಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಸಾಲು ಹಿಡಿದು ಬಂದು, ಬೆಲ್ಲ ಕಾಣದೆ, ಬೆಚ್ಚಗಿದೆಯಲ್ಲ ಎಂದು ಪೆಟ್ಟಿಗೆಯೊಳಗೆ ಸಂಸಾರ ಹೂಡುತ್ತವೆ. ಒಂದು ಪೆಟ್ಟಿಗೆ ಟಪ್ ಎನ್ನುತ್ತದೆ. ಆಗ ಇವನು ಓಡಿಹೋಗುತ್ತಾನೆ, ಸರಿಮಾಡಲು ಅಲ್ಲ, ಉಳಿದ ಎಂಟು ಏನು ಮಾಡುತ್ತವೆಂದು ನೋಡಲು. ಅವು ಕೆಲಸ ಹಂಚಿಕೊಂಡವೆಂದರೆ ಹೊರಗೆ ಬಂದು, ಮಗ ಪರೀಕ್ಷೆಯಲ್ಲಿ ಮೊದಲು ಬಂದವನ ಹಾಗೆ ಓಣಿಯೆಲ್ಲ ಹೇಳಿಕೊಂಡು ಬರುತ್ತಾನೆ.

ಹೀಗಿರುವಾಗ, ಕಳೆದ ಶ್ರಾವಣದಲ್ಲಿ, ಬ್ಯಾಟರಿ ಎತ್ತಿಕೊಂಡು ಬರುತ್ತ ಬಾಗಿಲಲ್ಲೇ ಕೂತುಬಿಟ್ಟ. ಮುಖ ಬೂದಿಯಾಗಿತ್ತು. ಸಾಹೇಬರು ಗಾಡಿಯಲ್ಲಿ ಹಾಕಿ ಹುಬ್ಬಳ್ಳಿಗೆ ಒಯ್ದರು. ಎದೆಯ ಮೂರು ನಾಳ ಕಟ್ಟಿವೆ, ಕೊಯ್ದು ಬೇರೆ ಜೋಡಿಸಬೇಕು, ದೀಪಾವಳಿಯ ಒಳಗೆ ಆಗಲೇಬೇಕು, ತಡಮಾಡಿದರೆ ಕೈಮೀರುತ್ತದೆ ಎಂದರು ಡಾಕ್ಟರು.

ಇವನು ಏನಂದಿರಬೇಕು ಹೇಳಿ? "ಪೆಟ್ಟಿಗಿ ಹದಿನೈದು ದಿನಾ ಯಾರೂ ಮುಟ್ಟದ ನಡೀಬೇಕು. ಅದು ಆತಂದ್ರ ಮರುದಿನಾನ ಬರ್ತೀನಿ. ಅಲ್ಲೀತನಕ ಇಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ನನಗೇನು ಗೊತ್ತು, ಮನುಷ್ಯನ ಎದೆಗಿಂತ ಪೆಟ್ಟಿಗೆಯ ನಾಡಿಯೇ ದೊಡ್ಡದೆಂದು?

ಅಂದಿನಿಂದ ನಮ್ಮ ಮನೆಯಲ್ಲಿ ಎಣಿಕೆ ಶುರುವಾಯಿತು. ಒಂದನೇ ದಿನ, ಎರಡನೇ ದಿನ. ಏನಾದರೂ ಕೆಟ್ಟು ಇವನು ಕೈಹಾಕಿದನೆಂದರೆ ಮತ್ತೆ ಒಂದರಿಂದ. ನಾನು ಜೀವಮಾನದಲ್ಲಿ ಕಂಪ್ಯೂಟರು ಮುಟ್ಟಿದವಳಲ್ಲ. ಬೆಳಿಗ್ಗೆ ಎದ್ದು ಮೊದಲು ಬೆಲ್ಲದ ಕೋಣೆಗೆ ಇಣುಕಿ ಹಸಿರು ದೀಪ ಎಣಿಸತೊಡಗಿದೆ. ಇರುವೆ ಬಾರದಿರಲೆಂದು ಬಾಗಿಲಿಗೆ ಅರಿಸಿನದ ಗೆರೆ ಎಳೆದೆ.

ನಡುವೆ ಇನ್ನೊಂದು ಹುಚ್ಚು. ಆ ಪೆಟ್ಟಿಗೆಗಳು ಕ್ಷಣಕ್ಕೊಮ್ಮೆ ಒಂದಕ್ಕೊಂದು "ನಾ ಅದೀನಿ, ನಾ ಅದೀನಿ" ಎಂದು ಹೇಳಿಕೊಳ್ಳುತ್ತಿರುತ್ತವಂತೆ. ಒಂದು ಸುಮ್ಮನಾದರೆ ಅದು ಸತ್ತಿತೆಂದು ಲೆಕ್ಕ. ನೀನೂ ತಾಸಿಗೊಮ್ಮೆ ತಾಟು ಬಡಿದು ತೋರಿಸು ಎಂದ.

"ಎದಿ ಕೆಟ್ಟಿದ್ದು ನಿಂದು. ತಾಟು ಬಡಿಯೂದು ನಾನಾ?"

"ನನಗ ಅರವತ್ನಾಲ್ಕು, ನಿನಗ ಎಪ್ಪತ್ತೈದು. ಯಾರ ಸುದ್ದಿ ಮೊದಲು ನಿಂದರ್ತೈತಿ?"

ಮಾತಿಗೆ ಕಟ್ಟುಬಿದ್ದು ನಾಲ್ಕು ದಿನ ಬಡಿದೆ. ಐದನೇ ದಿನ ಊಟವಾದ ಮೇಲೆ ಕಣ್ಣು ಹತ್ತಿತು. ಎದ್ದಾಗ ಜಗುಲಿಯ ಮೇಲೆ ಜನ! ತಾಟಿನ ಸದ್ದು ನಿಂತಿತೆಂದು ಇವನು ಎಲ್ಲರಿಗೂ ಫೋನು ಮಾಡಿ ಕರೆಸಿದ್ದ. ಸಾಹೇಬರು ಟೊಪ್ಪಿ ಸರಿಮಾಡಿಕೊಂಡು ಗಂಭೀರವಾಗಿ ನಿಂತಿದ್ದರು. ಎದುರು ಮನೆಯವಳು ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಸಿದ್ದಾಪುರದಲ್ಲಿ ಟೀಚರಾಗಿರುವ ನನ್ನ ತಂಗಿಯ ಮಗಳು ಬಸ್ಸು ಹತ್ತಿಯಾಗಿತ್ತಂತೆ. ಒಳಗೆ ಬಂದು ನೋಡಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ಒಳಗ ಬಂದು ಎಬ್ಬಿಸಿದ್ರ ಏನಾಗ್ತಿತ್ತೋ?" ಎಂದೆ.

"ಹಂಗ ಮಾಡಿದ್ರ ಕೈ ಹಚ್ಚಿದಂಗ ಆಗ್ತೈತಲ್ಲ," ಎಂದ.

ತಂಗಿಯ ಮಗಳು ಬಂದು, ನಾನು ಚಹಾ ಕಾಸುತ್ತಿದ್ದುದನ್ನು ನೋಡಿ, "ದೊಡ್ಡವ್ವ, ನಾ ಅರ್ಧ ದಿನ ರಜಾ ಹಾಕಿ ಬಂದೀನಿ," ಎಂದಳು. ನಾನು ಸಾಯದೆ ಅವಳ ರಜೆ ಹಾಳುಮಾಡಿದ ಹಾಗಿತ್ತು ದನಿ. ತಾಟು ಅಂದೇ ಒಳಗೆ ಹೋಯಿತು.

ಎಣಿಕೆ ಮಾತ್ರ ಮುಗಿಯುತ್ತಿರಲಿಲ್ಲ. ಒಮ್ಮೆ ಹನ್ನೆರಡು ದಿನಕ್ಕೆ ಬಂದು ಕೆಟ್ಟಿತು. ಒಮ್ಮೆ ಹದಿಮೂರಕ್ಕೆ. ಆಮೇಲೆ ಹನ್ನೊಂದಕ್ಕೆ ನಿಂತದ್ದು ನನ್ನಿಂದ. ಮುಚ್ಚಿಡುವುದೇನು?

ಅಂದು ಆಯುಧಪೂಜೆ. ಇವನು ಕಂಬ ಹತ್ತುವ ಕಾಲದಲ್ಲಿ ಇಕ್ಕಳ, ಹಗ್ಗ, ರಬ್ಬರಿನ ಕೈಗವಸು ಎಲ್ಲ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದೆವು. ಪೂಜೆಗಿಟ್ಟ ಸಾಮಾನನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ, ಅವಕ್ಕೂ ವಿಶ್ರಾಂತಿ ಬೇಕು. ಮನೆಯಲ್ಲಿ ಈಗ ಆಯುಧ ಅಂದರೆ ಆ ಒಂಬತ್ತು ಪೆಟ್ಟಿಗೆ. ಇವನು ಸೋಂದಾದ ಮೊಬೈಲು ಬದಲಿಸಲು ಹೋಗಿದ್ದ. ಓಡುವ ಯಂತ್ರಕ್ಕೆ ಪೂಜೆ ಮಾಡುತ್ತಾರೆಯೇ? ಒಂದೊಂದರ ಗುಂಡಿ ಒತ್ತಿ ಆರಿಸಿ, ಒರೆಸಿ, ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವು ಏರಿಸುತ್ತ ಹೋದೆ.

ಒಂದನ್ನು ಆರಿಸಿದರೆ ಉಳಿದವುಗಳ ಫ್ಯಾನು ಜೋರಾಗುತ್ತಿತ್ತು. ನಾಲ್ಕು ಆರಿಸಿದಾಗ ಐದೂ ಹುಂಯ್ ಎನ್ನತೊಡಗಿದವು. ಕೊನೆಗೆ ಒಂದೇ ಉಳಿಯಿತು ನೋಡಿ, ಎಂಟು ಅಣ್ಣತಮ್ಮಂದಿರ ಕೆಲಸವನ್ನೆಲ್ಲ ಹೊತ್ತು, ಮೈ ಬಿಸಿಯಾಗಿ, ಲಾರಿ ಘಟ್ಟ ಹತ್ತುವ ಹಾಗೆ ಒದರುತ್ತಿತ್ತು. "ಪಾಪ, ನೀನೂ ಮಲಕ್ಕೋ," ಎಂದು ಅದನ್ನೂ ಆರಿಸಿ, ವಿಭೂತಿ ಹಚ್ಚಿದೆ.

ಇವನು ಬಂದು ನೋಡಿದ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ. ಪೂಜೆಗಿಟ್ಟದ್ದನ್ನು ಮುಟ್ಟುವ ಹಾಗಿಲ್ಲವಲ್ಲ. ಚಪ್ಪಲಿ ಬಿಟ್ಟು, ಕೈ ಮುಗಿದು, ಫೋನು ಹಿಡಿದು ಕಟ್ಟೆಯ ಮೇಲೆ ಕೂತ. ಸಂಜೆಯವರೆಗೆ ಬಂದ ಫೋನಿಗೆಲ್ಲ ತಾನೇ ಉತ್ತರ ಹೇಳಿದ. "ಹೌದ್ರಿ ಭಟ್ರ, ನಾನ. ಇಲ್ರಿ, ಖರೇ ನಾನ. ಚಟ್ನಿ ರುಬ್ಬುಕಲ್ಲಿಗೆ ಹಾಕ್ರಿ ಇವತ್ತು." ಎರಡು ತಿಂಗಳಲ್ಲಿ ಅವನ ಮುಖದಲ್ಲಿ ಅಷ್ಟು ಕಳೆ ನಾನು ಕಂಡಿರಲಿಲ್ಲ. ನನಗೆ ಅಂದೇ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ. ಹನ್ನೊಂದು ದಿನ ಹಾಳುಮಾಡಿದೆನೆಂಬ ಸಂಕಟದಲ್ಲಿದ್ದೆ.

ದೀಪಾವಳಿಗೆ ಇನ್ನು ಇಪ್ಪತ್ತು ದಿನ. ಮತ್ತೆ ಒಂದರಿಂದ ಎಣಿಸಿದೆವು. ಹುಬ್ಬಳ್ಳಿಯಿಂದ ಎರಡು ಸಲ ಫೋನು ಬಂತು. ಹದಿಮೂರನೇ ದಿನ ಬೆಳಿಗ್ಗೆ ದೀಪ ಎಣಿಸಲು ಹೋದರೆ, ಇವನು ಬೆನ್ನು ತಿರುಗಿಸಿ ಕೂತು ಕೀಲಿಮಣೆ ಕುಟ್ಟುತ್ತಿದ್ದಾನೆ. ಒಂಬತ್ತೂ ದೀಪ ಹಸಿರಾಗಿಯೇ ಇದ್ದವು.

"ಏನ್ ಮಾಡ್ಲಿಕ್ಕೆ ಹತ್ತಿದಿ?"

"ಏನಿಲ್ಲ. ಸಣ್ಣದೊಂದು ತಿದ್ದುಪಡಿ."

"ಏನರ ಕೆಟ್ಟೈತೇನು?"

"ಕೆಟ್ಟಿಲ್ಲ."

"ಹನ್ನೆರಡನೇ ದಿನ ಕೆಟ್ಟಿತ್ತಲ್ಲ, ಅವತ್ತೂ ತಿದ್ದುಪಡಿ ಮಾಡಿದ್ದೇನು? ಹದಿಮೂರನೇ ದಿನಾನೂ?"

ನನ್ನ ಕಡೆ ತಿರುಗಿದ. ಮೂರನೇ ಇಯತ್ತೆಯ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಾಗ ಹೀಗೇ ಇತ್ತು ಮುಖ.

"ಕೊಯ್ಸ್ಕೊಳ್ಳಾಕ ಹೆದರಿಕೇನು?"

"ಕೊಯ್ಯೂದಕ್ಕಲ್ಲ ಅತ್ತಿಗಿ," ಎಂದ. ಕೀಲಿಮಣೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ. "ಇದು ಹದಿನೈದು ದಿನಾ ತಾನ ನಡೀತಂದ್ರ, ನಾ ಅಲ್ಲಿಂದ ಎದ್ದು ಬಂದ್ರೇನು, ಬರದಿದ್ರೇನು? ಯಾರಿಗೂ ಗೊತ್ತ ಆಗೂದಿಲ್ಲ. ನಾನ ಹಂಗ ಮಾಡಿಟ್ಟೀನಿ."

ಮಾತು ಹೊಳೆಯದಿದ್ದಾಗ ನಾನು ಕೆಲಸ ಮಾಡುವವಳು. ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಹಾಕಿ, ಕೋಣೆಗೆ ಬೀಗ ಜಡಿದೆ. ಕೀಲಿಯನ್ನು ಸಾಹೇಬರ ಕೈಯಲ್ಲಿಟ್ಟು, "ಸುಟ್ಟ ವಾಸನಿ ಬಂದ್ರ ಅಷ್ಟ ತಗೀರಿ," ಎಂದೆ. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಅವನು ಕಿಟಕಿಯಿಂದ ಕಂಬ ನೋಡಿದ. ನಾನು ಅವನನ್ನು ನೋಡಿದೆ.

ಎದೆ ಕೊಯ್ದರು, ಜೋಡಿಸಿದರು. ಎಲ್ಲ ಸರಿಯಾಗಿದೆ ಎಂದರು. ಮೂರನೇ ದಿನ ಹೊರಗಿನ ವಾರ್ಡಿಗೆ ತಂದು ಹಾಕಿದರು. ಆದರೆ ಇವನು ಗೋಡೆಯ ಕಡೆ ಮುಖಮಾಡಿ ಮಲಗಿಬಿಟ್ಟ. ಕೆಮ್ಮು ಅಂದರೆ ಕೆಮ್ಮುವುದಿಲ್ಲ. ಎದ್ದು ಕೂಡು ಅಂದರೆ ಕೂಡ್ರುವುದಿಲ್ಲ. ಉಸಿರು ಎಳೆದು ಮೂರು ಗುಂಡು ಏರಿಸುವ ಪ್ಲಾಸ್ಟಿಕ್ಕಿನ ಡಬ್ಬಿ ಒಂದು ಕೊಟ್ಟಿದ್ದರು. ಬಾಯಿಗೆ ಇಡಲೂ ಇಲ್ಲ. ನರ್ಸು ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜಿ, ಹೀಗೇ ಬಿದ್ದುಕೊಂಡರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತೆ. ಏನಾದರೂ ಮಾಡಿ," ಎಂದಳು.

ಅಷ್ಟರಲ್ಲಿ ಸಾಹೇಬರ ಫೋನು. ಹಿಗ್ಗಿಹೋಗಿದ್ದರು. "ಅಕ್ಕಾ, ಹದಿನೈದು ದಿನ ದಾಟ್ತು. ಕಿಟಕ್ಯಾಗಿಂದ ದಿನಾ ನೋಡ್ತೀನಿ, ನಡುವೆ ಎರಡು ಪೆಟ್ಟಿಗಿ ಇರುವಿ ಹೊಕ್ಕು ಸತ್ತಾವ, ಉಳಿದಾವು ಹೊತ್ಕೊಂಡು ನಡಸ್ಯಾವ. ಯಲ್ಲಾಪುರ ಕಡಿ ಗಾಳಿಗೆ ಮರ ಬಿದ್ದು ಏನ್ ಫೋನು, ಏನ್ ಫೋನು. ಎಲ್ಲಾರಿಗೂ ಉತ್ತರ ಸಿಕ್ಕೈತಿ. ಅಣ್ಣ ಎಲ್ಲಿ ಅಂತ ಒಬ್ಬಾಂವನೂ ಕೇಳ್ಲಿಲ್ಲ. ಎಂಥಾ ಕೆಲ್ಸ ಮಾಡ್ಯಾನ ನೋಡ್ರಿ, ಹೇಳ್ರಿ ಅವ್ನಿಗೆ."

ಒಳಗೆ ಹೋದೆ. ಗೋಡೆಯ ಕಡೆಯಿಂದಲೇ ಕೇಳಿದ: "ನಡದೈತೇನು?"

"ನಿಂತೈತಿ," ಎಂದೆ.

ತಲೆ ಈ ಕಡೆ ತಿರುಗಿತು. "ಯಾವಾಗ?"

"ನೀ ಒಳಗ ಹೋದ ದಿನಾನ. ಒಂಬತ್ತೂ ಮಲಗ್ಯಾವ. ಜನ ಬಾಯಿಗೆ ಬಂದಂಗ ಬೈಲಿಕ್ಕೆ ಹತ್ಯಾರ. ದೊಡ್ಮನಿ ಭಟ್ರು ಮನೀತನಕ ಬಂದು, ಎಲ್ಲಿ ಅದಾನ ಅಂವ ಅಂತ ಕೇಳಿ ಹೋದ್ರಂತ."

"ಭಟ್ರು ಬಂದಿದ್ರ?"

"ಛತ್ರಿ ಮರ್ತು ಹೋಗ್ಯಾರಂತ. ತಗೊಳ್ಳಾಕ ಮತ್ತ ಬರ್ತಾರ."

"ನನಗ ಗೊತ್ತಿತ್ತು," ಎಂದ. ಮುಖಕ್ಕೆ ರಕ್ತ ಬಂತು, ನಾನು ಕಣ್ಣಾರೆ ನೋಡಿದೆ. "ಅದಕ್ಕ ಆ ತಿದ್ದುಪಡಿ ಮಾಡ್ತೀನಿ ಅಂದಿದ್ದೆ. ನೀ ಕೇಳ್ಲಿಲ್ಲ. ಹಾಸಿಗಿ ಸ್ವಲ್ಪ ಎತ್ತು. ಆ ಗುಂಡಿನ ಡಬ್ಬಿ ಎಲ್ಲೈತಿ?"

ಒಂದು ಗುಂಡು ಏರಿತು. ಎರಡನೆಯದು ಅರ್ಧ ಏರಿ ಇಳಿಯಿತು. ಬೈದುಕೊಂಡು ಮತ್ತೆ ಎಳೆದ.

ನಾನು ಹೊರಗೆ ಬಂದು ಸಾಹೇಬರಿಗೆ ಫೋನು ಮಾಡಿದೆ. "ಬೀಗ ತಗದು ಎಲ್ಲಾ ಪೆಟ್ಟಿಗಿ ಆರ್ಸ್ರಿ."

"ಯಾಕಕ್ಕಾ? ಛಲೋ ನಡದಾವಲ್ಲ?"

"ಅದಕ್ಕ ಆರ್ಸ್ರಿ. ಒಂದೂ ಉಳಿಸಬ್ಯಾಡ್ರಿ. ಒಂದು ಉಳಿದ್ರ ಅದ ಎಲ್ಲಾ ಹೊತ್ಕೊಂಡು ನಡಸ್ತೈತಿ."

ಸಾಹೇಬರು ಮೆಲ್ಲಗೆ ಕೇಳಿದರು: "ಮತ್ತ ಯಾವಾಗ ಹಚ್ಚಲಿ ಅಕ್ಕಾ?"

"ನೀವು ಹಚ್ಚಬ್ಯಾಡ್ರಿ," ಎಂದೆ. "ಅಂವ ಬಂದು ಹಚ್ತಾನ."